ಬ್ಲೈಂಡ್ ಇಳಿಸಿದವರು ಯಾಕೆ ಎತ್ತುವುದಿಲ್ಲ?

ಸ್ವಿಚ್ ಪಕ್ಕ ‘ಹೋಗುವಾಗ ದೀಪ ಆರಿಸಿ’ ಅಂತ ಚೀಟಿ ಅಂಟಿಸಿದರೆ ಕರೆಂಟು ಉಳಿಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ನನಗೆ ಆ ಚೀಟಿ ನೋಡಿದರೆ ಸಿಟ್ಟೇ ಬರುತ್ತದೆ. ಕಟ್ಟಡದ ತಪ್ಪನ್ನು ಸುಮ್ನೆ ಜನರ ತಲೆಗೆ ಕಟ್ಟುವ ಕೆಲಸ ಅದು.

ಬೆಳಿಗ್ಗೆ ಹತ್ತು ಗಂಟೆ ಅಂದುಕೊಳ್ಳಿ. ಹಗಲಲ್ಲಿ ದೀಪವೇ ಬೇಡ ಅಂತ ಲೆಕ್ಕ ಹಾಕಿ ದೊಡ್ಡ ದೊಡ್ಡ ಕಿಟಕಿ ಇಟ್ಟ ಆಫೀಸು. ಬಿಸಿಲು ನೇರವಾಗಿ ಕಂಪ್ಯೂಟರಿನ ಮೇಲೆ ಬೀಳುತ್ತದೆ, ಅಕ್ಷರ ಕಾಣಿಸುವುದಿಲ್ಲ. ಕಿಟಕಿ ಪಕ್ಕದವರು ಎದ್ದು ಬ್ಲೈಂಡಿನ, ಅಂದರೆ ಕಿಟಕಿಗೆ ಇಳಿಬಿಡುವ ಪರದೆಯ, ದಾರ ಎಳೆಯುತ್ತಾರೆ. ಒಳಗೆ ಮಬ್ಬಾಯಿತು ಅಂತ ಇನ್ನೊಬ್ಬರು ಲೈಟ್ ಹಾಕುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಸೂರ್ಯ ಆ ಕಡೆಯಿಂದ ಸರಿದಿರುತ್ತಾನೆ. ಬ್ಲೈಂಡ್ ಸಂಜೆವರೆಗೂ ಇಳಿದೇ ಇರುತ್ತದೆ, ಲೈಟೂ ಉರಿಯುತ್ತಲೇ ಇರುತ್ತದೆ.

ಇದು ಸೋಮಾರಿತನ ಅಲ್ಲ. ಬಿಸಿಲು ಕಣ್ಣಿಗೆ ಕುಕ್ಕಿದರೆ ತಕ್ಷಣ ಗೊತ್ತಾಗುತ್ತದೆ, ಮೆಟ್ಟಿನೊಳಗೆ ಕಲ್ಲು ಸಿಕ್ಕ ಹಾಗೆ. ಕುಕ್ಕುವುದು ನಿಂತಾಗ ಏನೂ ಗೊತ್ತಾಗುವುದಿಲ್ಲ. ಬಿಕ್ಕಳಿಕೆ ಶುರುವಾದ ಗಳಿಗೆ ಗೊತ್ತಿರುತ್ತದೆ, ನಿಂತ ಗಳಿಗೆ ಯಾರಿಗೆ ಗೊತ್ತು? ಇಳಿಸು ಅಂತ ಕಣ್ಣು ಹೇಳುತ್ತದೆ, ಎತ್ತು ಅಂತ ಹೇಳುವವರು ಯಾರೂ ಇಲ್ಲ. ದೀಪದ್ದೂ ಇದೇ ಕಥೆ. 1970ರ ದಶಕದ ಕೊನೆಗೆ ಬ್ರಿಟನ್ನಿನ ಸಂಶೋಧಕ ಡಿ.ಆರ್.ಜಿ. ಹಂಟ್ ಇದನ್ನೇ ಅಧ್ಯಯನ ಮಾಡಿದರು. ಒಳಗೆ ಬರುವಾಗ ಕತ್ತಲೆ ಅನಿಸಿದರೆ ಜನ ದೀಪ ಹಾಕುತ್ತಾರೆ. ಆಮೇಲೆ ಎಷ್ಟೇ ಬೆಳಕಾದರೂ ಕೋಣೆ ಖಾಲಿಯಾಗುವ ತನಕ ಆರಿಸುವುದು ಅಪರೂಪ.

ಹಾಗಾದರೆ ಕಿಟಕಿಯನ್ನೇ ಎರಡು ಮಾಡಬಹುದಲ್ವಾ? ಕೆಳಗಿನದು ಹೊರಗೆ ನೋಡುವುದಕ್ಕೆ, ಮೇಲಿನದು ಬೆಳಕಿಗೆ. ನಡುವೆ ಅಡ್ಡಲಾಗಿ ಒಂದು ಬಿಳಿ ಹಲಗೆ. ಬಿಸಿಲು ಅದಕ್ಕೆ ಬಡಿದು ಚಾವಣಿಗೆ ಹಾರುತ್ತದೆ, ಅಲ್ಲಿಂದ ಮೆತ್ತಗೆ ಕೋಣೆಗೆ ಹರಡುತ್ತದೆ. ಕೆಳಗಿನ ಬ್ಲೈಂಡ್ ದಿನವಿಡೀ ಇಳಿದಿದ್ದರೂ ಪರವಾಗಿಲ್ಲ. ಸೆನ್ಸರ್ ಹಾಕುವುದಾದರೆ ಅದು ದೀಪ ಆರಿಸಲಿ, ಸಾಕು. ಹಚ್ಚುವ ಸ್ವಿಚ್ ನಮ್ಮ ಕೈಯಲ್ಲೇ ಇರಲಿ.

ಕೈಯಲ್ಲಿ ಇರುವುದು ಅಂದೆನಲ್ಲ, ಅದರ ಹಿಂದೆ ಒಂದು ಚಂದದ ಪ್ರಯೋಗ ಇದೆ. ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಎಂಬ ಮನೋವಿಜ್ಞಾನಿಗಳು ಜನರನ್ನು ಕೂರಿಸಿ ಕರ್ಕಶ ಸದ್ದು ಕೇಳಿಸಿದರು. ಕೆಲವರಿಗೆ ಮಾತ್ರ ಸದ್ದು ನಿಲ್ಲಿಸುವ ಗುಂಡಿ ಕೊಟ್ಟರು. ಹೆಚ್ಚಿನವರು ಅದನ್ನು ಒತ್ತಲೇ ಇಲ್ಲ. ಆದರೂ ಮುಂದಿನ ಕೆಲಸದಲ್ಲಿ ಗುಂಡಿ ಇದ್ದವರೇ ಕಡಿಮೆ ತಪ್ಪು ಮಾಡಿದರು.

ಕಿಟಕಿ ಕೂಡ ಅಂಥದ್ದೇ ಗುಂಡಿ. ರಿಚರ್ಡ್ ಡಿ ಡಿಯರ್ ಮತ್ತು ಗೇಲ್ ಬ್ರಾಗರ್ ಎಂಬ ಸಂಶೋಧಕರು 1998ರಲ್ಲಿ, ಒಳಗೆ ಕೂತವರಿಗೆ ಸೆಕೆ-ಚಳಿ ಹೇಗನಿಸುತ್ತದೆ ಎಂದು 160 ಕಟ್ಟಡಗಳಿಂದ ಬಂದ ಸುಮಾರು 21,000 ದಾಖಲೆಗಳನ್ನು ಜೋಡಿಸಿ ನೋಡಿದರು. ಕಿಟಕಿ ತೆರೆಯಲು ಬರುವ ಕಟ್ಟಡದವರು ಎಸಿ ಕಟ್ಟಡದವರಿಗಿಂತ ಜಾಸ್ತಿ ಸೆಕೆಯಲ್ಲೂ ಆರಾಮಾಗಿದ್ದರು. ಕಟ್ಟಡದೊಳಗೆ ಎಷ್ಟು ಸೆಕೆ-ಚಳಿ ಇದ್ದರೆ ಹಿತ ಎಂದು ಹೇಳುವ ಅಮೆರಿಕದ ‘ಆಶ್ರೇ 55’ ಮಾನದಂಡ 2004ರಲ್ಲಿ ಇದನ್ನು ಒಪ್ಪಿಕೊಂಡಿತು. ಹೊರಗೆ ಬಿಸಿ ಏರಿದಂತೆ ಒಳಗೂ ಸ್ವಲ್ಪ ಏರಬಹುದು, ಆದರೆ ಕಿಟಕಿ ತೆರೆಯುವುದು, ಮುಚ್ಚುವುದು ಒಳಗೆ ಕೂತವರ ಕೈಯಲ್ಲೇ ಇರಬೇಕು ಎಂಬ ಷರತ್ತಿನೊಂದಿಗೆ.