ಕರಿಯದು ಕೋಗಿಲೆಯಾ, ಚುಕ್ಕಿಯದು ಕೋಗಿಲೆಯಾ?

ಯುಗಾದಿ ಹತ್ತಿರ ಬಂತು ಅಂದ್ರೆ ಈ ಪ್ರಶ್ನೆಯೂ ಬಂತು ಅಂತಲೇ ಲೆಕ್ಕ. ಈ ಸಲ ಕೇಳಿದವರು ಕೊಪ್ಪಳದ ಹತ್ತಿರದವರು: “ಸರ್ರ, ನಮ್ಮ ಹಿತ್ತಲದಾಗಿನ ಬೇವಿನ ಗಿಡದಾಗ ಕೋಗಿಲೆ ಕೂಗ್ತೈತಿ. ಹೋಗಿ ನೋಡಿದ್ರ ಒಂದು ಕರೇ ಹಕ್ಕಿ, ಒಂದು ಚುಕ್ಕಿ ಚುಕ್ಕಿ ಹಕ್ಕಿ ಕುಂತಿರ್ತಾವ. ಇದರಾಗ ಕೋಗಿಲೆ ಯಾವುದ್ರೀ?”

ಎರಡೂ ರೀ. ಕರೇದು ಗಂಡು, ಚುಕ್ಕಿದು ಹೆಣ್ಣು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲ್ಲ. ಮುಂದಿನ ಮಾತು ಗ್ಯಾರಂಟಿ: “ಹಂಗಾದ್ರ ಹಾಡೋದು ಚುಕ್ಕಿದ್ದಲ್ರೀ?” ಅಲ್ಲ. ಪ್ರತಿ ವರ್ಷ ಹೇಳ್ತೀನಿ, ಈ ವರ್ಷವೂ ಹೇಳ್ತೀನಿ. ಕು-ಊ, ಕು-ಊ ಅಂತ ದನಿ ಏರಿಸುತ್ತಾ ಏರಿಸುತ್ತಾ, ಇನ್ನೇನು ಗಂಟಲು ಹರೀತು ಅನ್ನುವಾಗ ಗಕ್ಕನೆ ನಿಲ್ಲಿಸುತ್ತಲ್ಲ, ಅದು ಗಂಡು. ಹೆಣ್ಣನ್ನು ಕರೆಯೋಕೆ, ಪಕ್ಕದ ಗಂಡನ್ನು ದೂರ ಇಡೋಕೆ ಇಷ್ಟೆಲ್ಲ ಕೂಗಾಟ. ಹೆಣ್ಣಿನದ್ದು ಬರೀ ಕಿಕ್-ಕಿಕ್-ಕಿಕ್. ಯಾರೋ ಅಟ್ಟಿಸಿಕೊಂಡು ಬಂದಾಗ ಕಿರುಚಿದ ಹಾಗೆ.

ತಪ್ಪು ಹಕ್ಕಿಯದ್ದಲ್ಲ, ನಮ್ಮ ಮಾತಿನದ್ದು. ಸೋಬಾನೆ ಚೆಂದ ಹಾಡಿದ ಹುಡುಗಿಗೆ ಕೋಗಿಲೆ ಕಂಠ ಅಂತೀವಿ, ಭಜನೆಯಲ್ಲಿ ದನಿ ಎತ್ತಿ ಹಾಡಿದ ಮಾವನಿಗೆ ಅನ್ನಲ್ಲ. ಹಾಗೇ ಹೇಳುತ್ತಾ ಹೇಳುತ್ತಾ ಕೋಗಿಲೆ ಪೂರ್ತಿ ಹೆಣ್ಣಾಗಿಬಿಟ್ಟಿದೆ. ಒಬ್ಬರಂತೂ ವಾದಕ್ಕೇ ನಿಂತರು, ಕರಿಯದು ಕಾಗೆ ಜಾತಿ, ಚುಕ್ಕಿಯದೇ ಅಸಲಿ ಅಂತ. ಸರಿ, ಬೆಳಿಗ್ಗೆ ಬನ್ನಿ ಅಂತ ಕರೆದು ನಮ್ಮ ಗಸಗಸೆ ಹಣ್ಣಿನ ಗಿಡದ ಕೆಳಗೆ ನಿಲ್ಲಿಸಿದೆ. ಕರಿಯದು ಬಂತು. ಕಣ್ಣು ಕೆಂಪು ಕುಂಕುಮ. ಕೊಕ್ಕು ಕಾಗೆಯ ಹಾಗೆ ಕಪ್ಪಲ್ಲ, ಮಾಸಲು ಹಸಿರು. ಕೊಕ್ಕು ತೆರೆಯಿತು, ಗಂಟಲಿನ ಪುಕ್ಕ ಉಬ್ಬಿತು, ಕು-ಊ! ಎದುರಿಗೇ. ಅಷ್ಟರಲ್ಲಿ ಹೆಣ್ಣೂ ಬಂತು, ಕಂದು ಮೈ ತುಂಬ ಬಿಳಿ ಚುಕ್ಕಿ, ಬಾಲಕ್ಕೆ ಅಡ್ಡಪಟ್ಟೆ, ಕಣ್ಣು ಅದೇ ಕೆಂಪು. ಬಾಯಿ ಬಿಡದೆ ಹಣ್ಣು ನುಂಗುತ್ತಾ ಕೂತಿತು. ಇಷ್ಟು ನೋಡಿದ ಮೇಲೆ ಆ ಪುಣ್ಯಾತ್ಮರು ಏನಂದರು ಗೊತ್ತಾ? “ಇದು ಬ್ಯಾರೆ ತಳಿ ಇರಬೇಕ್ರೀ.” ಟೀ ಕುಡಿಸಿ ಕಳಿಸಿದೆ.

ಹಾಗೇ, ಕೋಗಿಲೆ ವಸಂತಕ್ಕೆ ಅಂತ ಎಲ್ಲಿಂದಲೋ ಬರೋದೂ ಇಲ್ಲ. ಚಳಿಗಾಲದಲ್ಲೂ ಇಲ್ಲೇ ಇರುತ್ತೆ, ಸುಮ್ನಿರುತ್ತೆ ಅಷ್ಟೇ.

ಇವುಗಳ ಆಟ ನೋಡಬೇಕಂದ್ರೆ ಹಿತ್ತಲು ಸಾಲದು, ಹಿರೇಹಳ್ಳದ ದಂಡೆಗೆ ಹೋಗಿ. 2019ರಲ್ಲಿ ಗವಿಮಠದ ಶ್ರೀಗಳು ಮುಂದೆ ನಿಂತು, ಜನರನ್ನು ಸೇರಿಸಿ ಸ್ವಚ್ಛ ಮಾಡಿಸಿದರಲ್ಲ, ಅದೇ ಹಳ್ಳ. ಅಲ್ಲಲ್ಲಿ ಹೊಂಗೆ, ಬೇವು, ಮಿಕ್ಕಿದ್ದೆಲ್ಲ ಬಳ್ಳಾರಿ ಜಾಲಿ. (ಹೆಸರಷ್ಟೇ ಬಳ್ಳಾರಿ, ಗಿಡ ಬಂದಿದ್ದು ಅಮೆರಿಕ ಖಂಡದಿಂದ.) ಕಾಗೆ ಗೂಡು ಕಟ್ಟುವ ಹೊತ್ತಿಗೆ ಗಂಡು ಕೋಗಿಲೆ ಗೂಡಿನ ಹತ್ತಿರವೇ ಬಂದು ಕೂಗುತ್ತೆ. ಕಾಗೆಗಳು ಸಿಟ್ಟಿಗೆದ್ದು ಬೆನ್ನು ಹತ್ತುತ್ತವೆ, ಆ ಸಂದಿಯಲ್ಲಿ ಹೆಣ್ಣು ನುಗ್ಗಿ ಮೊಟ್ಟೆ ಇಟ್ಟು ಬರುತ್ತೆ. ಕೋಗಿಲೆ ಮೊಟ್ಟೆ ಕಾಗೆಯದಕ್ಕಿಂತ ಸಣ್ಣದು, ಒಡೆಯೋದು ಕಾಗೆ ಮೊಟ್ಟೆಗಿಂತ ಕೆಲವು ದಿನ ಮುಂಚೆ. ಹಾಗಾಗಿ ಮೊದಲ ತುತ್ತು ಕೋಗಿಲೆ ಮರಿಗೇ. ಆದರೆ ಅದು ಕಾಗೆ ಮರಿಗಳನ್ನು ಹೊರಗೆ ದಬ್ಬುತ್ತೆ ಅನ್ನೋದು ಯುರೋಪಿನ ಕುಕೂ ಹಕ್ಕಿಯ ಕತೆ, ನಮ್ಮದು ಸಾಮಾನ್ಯವಾಗಿ ಜೊತೆಗೇ ಬೆಳೆಯುತ್ತೆ.

ಯಾರೂ ಕೇಳಲಿಲ್ಲ, ಆದರೂ ಕೆಂಬೂತದ ಬಗ್ಗೆ ಒಂದು ಮಾತು. ಅದೇ ಹಳ್ಳದ ಪೊದೆಯಿಂದ ಊಪ್-ಊಪ್-ಊಪ್ ಅಂತ ಕೊಡದೊಳಗಿಂದ ಬಂದ ಹಾಗೆ ದನಿ ಬರುತ್ತಲ್ಲ, ಕಪ್ಪು ಮೈ, ಇಟ್ಟಿಗೆ ಬಣ್ಣದ ರೆಕ್ಕೆ, ಅದೇ ಕೆಂಬೂತ. ಅದೂ ಕೋಗಿಲೆ ಕುಟುಂಬದ್ದೇ. ಆದರೆ ಕೆಂಬೂತ ತನ್ನ ಗೂಡು ತಾನೇ ಕಟ್ಟುತ್ತೆ, ಗಂಡು ಹೆಣ್ಣು ಸೇರಿ ಮರಿ ಸಾಕುತ್ತವೆ. ನಾವು ಮಾತ್ರ ನವಿಲನ್ನು ನೋಡಿ ಪುಕ್ಕ ಕೆದರಿತು ಅಂತ ಅದಕ್ಕೇ ಗಾದೆ ಕಟ್ಟಿದ್ದೀವಿ, ಮೊಟ್ಟೆ ಕಾಗೆಗೆ ದಾಟಿಸಿದವರಿಗೆ ಸಂಗೀತದ ಬಿರುದು ಕೊಟ್ಟಿದ್ದೀವಿ.

ಹಳ್ಳಕ್ಕೆ ಹೋಗೋದಾದರೆ ಆರೂವರೆಯೊಳಗೆ ಹೋಗಿ. ಎಂಟಕ್ಕೆಲ್ಲ ಬಿಸಿಲು ಬೆನ್ನು ಸುಡುತ್ತೆ, ಹಕ್ಕಿಗಳೂ ನೆರಳು ಸೇರಿರುತ್ತವೆ.