ಸದ್ದು ಮೊದಲು, ತಿಂಡಿ ಆಮೇಲೆ

ಪಟಾಕಿ ಸದ್ದಿಗೆ ಹೆದರಿ ಮಂಚದಡಿ ಸೇರಿಕೊಂಡ ನಾಯಿಯನ್ನು ಕಂಡವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ‘ಬಿಡಿ, ಕೇಳಿ ಕೇಳಿ ಅಭ್ಯಾಸವಾಗುತ್ತದೆ’ ಎಂಬುದು ಒಂದು. ‘ಮುದ್ದು ಮಾಡಬೇಡಿ, ಹೆದರಿಕೆ ಇನ್ನೂ ಜಾಸ್ತಿಯಾಗುತ್ತದೆ’ ಎಂಬುದು ಇನ್ನೊಂದು. ಎರಡನೆಯದು ಪೂರ್ತಿ ತಪ್ಪು. ಮೊದಲನೆಯದು ಅರ್ಧ ಮಾತ್ರ ತಪ್ಪು, ಅದಕ್ಕೇ ಅದು ಇಷ್ಟು ಕಾಲ ಬದುಕಿದೆ.

ಫ್ಯಾನಿನ ಗಿರಗಿರ, ಟಿವಿಯ ಗದ್ದಲಕ್ಕೆ ಪ್ರಾಣಿಗಳು ಒಗ್ಗಿಕೊಳ್ಳುವುದನ್ನು ಯಾರೂ ನೋಡಬಹುದು. ಆದರೆ ಒಂದೇ ಪ್ರಚೋದನೆ ಮರುಕಳಿಸಿದಾಗ ನರಮಂಡಲದಲ್ಲಿ ಎರಡು ವಿರುದ್ಧ ಕ್ರಿಯೆಗಳು ಒಟ್ಟಿಗೇ ಶುರುವಾಗುತ್ತವೆ ಎಂದು 1970ರಲ್ಲಿ ವಿಜ್ಞಾನಿಗಳಾದ ಫಿಲಿಪ್ ಗ್ರೋವ್ಸ್ ಮತ್ತು ರಿಚರ್ಡ್ ಥಾಂಪ್ಸನ್ ವಿವರಿಸಿದರು. ಒಂದು ಪ್ರತಿಕ್ರಿಯೆಯನ್ನು ತಗ್ಗಿಸುತ್ತದೆ, ಇನ್ನೊಂದು ಏರಿಸುತ್ತದೆ. ಸದ್ದು ಮೆತ್ತಗಿದ್ದರೆ ಮೊದಲನೆಯದು ಗೆಲ್ಲುತ್ತದೆ. ಎದೆ ನಡುಗಿಸುವಂತಿದ್ದರೆ ಎರಡನೆಯದರದೇ ಮೇಲುಗೈ. ಹತ್ತನೇ ಪಟಾಕಿಗೆ ನಾಯಿ ಮೊದಲನೆಯದಕ್ಕಿಂತ ಜೋರಾಗಿ ಬೆಚ್ಚುವುದು ಹೀಗೆ. ಮುಂಗಾಲಿಗೆ ಬಂದ ನಡುಕ ಮರುವರ್ಷಕ್ಕೆ ಮೈಯೆಲ್ಲ ಹಬ್ಬುವುದೂ ಹೀಗೇ.

ಇದರ ಉಗ್ರ ರೂಪವನ್ನು ಕಂಡವರು ನಾಯಿಗಳ ಕಲಿಕೆಯ ಮೇಲೆ ಪ್ರಯೋಗ ನಡೆಸುತ್ತಿದ್ದ ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೋವ್. 1924ರ ಸೆಪ್ಟೆಂಬರ್‌ನಲ್ಲಿ ಲೆನಿನ್‌ಗ್ರಾಡ್‌ಗೆ ಪ್ರವಾಹ ನುಗ್ಗಿತು. ಪ್ರಯೋಗಾಲಯದ ಗೂಡುಗಳಲ್ಲಿದ್ದ ನಾಯಿಗಳನ್ನು ನೀರಿನಿಂದ ಕಷ್ಟಪಟ್ಟು ಹೊರತಂದರು. ಜೀವ ಉಳಿಯಿತು, ಆದರೆ ಕೆಲವು ನಾಯಿಗಳು ಶ್ರಮವಹಿಸಿ ಕಲಿಸಿದ್ದನ್ನೆಲ್ಲ ಮರೆತುಬಿಟ್ಟಿದ್ದವು. ಮತ್ತೆ ಕಲಿಸಿದ ಮೇಲೂ, ಕೋಣೆಯ ಬಾಗಿಲ ಕೆಳಗಿಂದ ನೀರನ್ನು ಸಣ್ಣಗೆ ಹರಿಯಬಿಟ್ಟರೆ ಸಾಕು, ಎಲ್ಲ ಕೆಡುತ್ತಿತ್ತು. ಹಗ್ಗವೂ ಹಾವಾಗಿ ಕಾಣುವ ಸ್ಥಿತಿ ಅದು. ‘ಕೇಳಿ ಕೇಳಿ ಅಭ್ಯಾಸವಾಗುತ್ತದೆ’ ಎನ್ನುವವರು ಆ ನಾಯಿಗಳನ್ನು ನೆನೆಯಲಿ.

ಅದೇ 1924ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ಇದಕ್ಕೆ ತದ್ವಿರುದ್ಧವಾದ ಕೆಲಸವೊಂದನ್ನು ಪ್ರಕಟಿಸಿದರು. ಪೀಟರ್ ಎಂಬ ಪುಟ್ಟ ಹುಡುಗನಿಗೆ ಮೊಲ ಕಂಡರೆ ಭಯ. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಪಂಜರದ ಮೊಲವನ್ನು ದೂರದಲ್ಲಿಟ್ಟು, ದಿನದಿಂದ ದಿನಕ್ಕೆ ಹತ್ತಿರ ತಂದರು. ಕೊನೆಗೆ ಪೀಟರ್ ಮೊಲವನ್ನು ಮುಟ್ಟಿ ಆಡಿಸಿದ. ಇಂದು ಪಶುವೈದ್ಯರು ಹೇಳಿಕೊಡುವ ವಿಧಾನದ ಬೇರು ಇಲ್ಲಿದೆ.

ಈ ವಿಧಾನದಲ್ಲಿ ಬಹಳ ಮಂದಿ ಎಡವುವುದು ಕ್ರಮದಲ್ಲಿ. ಪ್ರಾಣಿಯ ಮಿದುಳು ಸದಾ ಹುಡುಕುವುದು ‘ಇದಾದ ಮೇಲೆ ಏನು?’ ಎಂಬುದನ್ನೇ. ಢಂ ಎಂದೊಡನೆ ರುಚಿಯಾದ ತುಣುಕು ಸಿಕ್ಕರೆ, ಮತ್ತೆ ಮತ್ತೆ ಹಾಗೆಯೇ ಸಿಕ್ಕರೆ, ಢಂ ಎಂಬುದೇ ತಿಂಡಿ ಬರುವ ಸೂಚನೆಯಾಗುತ್ತದೆ. ಅದೇ, ಸದ್ದು ಬರಲಿದೆ ಎಂದು ಊಹಿಸಿ ಮೊದಲೇ ತಿಂಡಿ ಕೊಟ್ಟಿರೋ, ತಿಂಡಿಯೇ ಢಂ ಬರುವ ಮುನ್ಸೂಚನೆಯಾಗಿ ನಾಯಿ ತಟ್ಟೆಯ ಬಳಿಯೂ ಬರದಂತಾದೀತು. ಹಾಗಾಗಿ ಸದ್ದು ಮೊದಲು, ತಿಂಡಿ ಆಮೇಲೆ. ನಾಯಿ ಬೆಚ್ಚಿದರೂ ಕೊಡಿ, ಬೆಚ್ಚದಿದ್ದರೂ ಕೊಡಿ. ಇದು ಒಳ್ಳೆಯ ನಡತೆಗೆ ಕೊಡುವ ಬಹುಮಾನವಲ್ಲ. ಮೂಸಿಯೂ ನೋಡದಿದ್ದರೆ ಭಯ ಆಗಲೇ ಮಿತಿ ದಾಟಿದೆ ಎಂದರ್ಥ. ಆಗ ಒತ್ತಾಯ ಬೇಡ, ಸದ್ದಿನಿಂದ ದೂರ ಕರೆದೊಯ್ಯಿರಿ. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಸ್ಟೆಫನಿ ರೀಮರ್ 2020ರಲ್ಲಿ ಪ್ರಕಟಿಸಿದ, 1,200ಕ್ಕೂ ಹೆಚ್ಚು ನಾಯಿಗಳ ಸಮೀಕ್ಷೆಯಲ್ಲಿ, ಹೀಗೆ ಸದ್ದಿನ ಬೆನ್ನಿಗೇ ತಿಂಡಿ ಅಥವಾ ಆಟ ಒದಗಿಸಿದವರಲ್ಲಿ ಶೇ 70ರಷ್ಟು ಮಂದಿ ಉಪಯೋಗವಾಯಿತು ಎಂದಿದ್ದರು. ನಾಯಿಯನ್ನು ಶಾಂತಗೊಳಿಸುವ ವಾಸನೆ ಎಂದು ಮಾರುಕಟ್ಟೆಯಲ್ಲಿ ಭಾರೀ ಪ್ರಚಾರ ಪಡೆದ ಫೆರೊಮೋನ್ ಡಬ್ಬಿಗಳು ಇದರ ಅರ್ಧದಷ್ಟೂ ಅಂಕ ಗಳಿಸಲಿಲ್ಲ.

ಬೆಳಕಿಗೂ ಇದೇ ಕ್ರಮದ ಲೆಕ್ಕ ಅನ್ವಯಿಸುತ್ತದೆ. ಒಂದು ಕಿಲೋಮೀಟರ್ ದಾಟಲು ಸದ್ದಿಗೆ ಸುಮಾರು ಮೂರು ಸೆಕೆಂಡು ಬೇಕು, ಬೆಳಕಿಗೆ ಕ್ಷಣವೂ ಬೇಡ. ಆಕಾಶ ಮಿಂಚಿದ ಮೇಲೆ ಢಂ ಬರುತ್ತದೆಂದು ನಾಯಿ ಬೇಗ ಕಲಿಯುತ್ತದೆ, ನಂತರ ಮಿಂಚು ಕಂಡೊಡನೆಯೇ ನಡುಗತೊಡಗುತ್ತದೆ. ದಪ್ಪ ಪರದೆ ಸದ್ದನ್ನು ಹೆಚ್ಚೇನೂ ತಡೆಯದಿದ್ದರೂ ಈ ಮುನ್ಸೂಚನೆಯನ್ನು ತಡೆಯುತ್ತದೆ. ಗೋಡೆಗಳು ಕೀರಲು ದನಿಯನ್ನು ಹೀರಿ, ಕೆಳಗಿನ ಸ್ಥಾಯಿಯ ಗುಡುಗನ್ನು ಒಳಬಿಡುತ್ತವೆ. ಆದ್ದರಿಂದ ಕಿಟಕಿಯಿಲ್ಲದ ಒಳಕೋಣೆಯಲ್ಲಿ ಫ್ಯಾನು ಹಾಕಿ, ಆ ಗುಡುಗನ್ನು ಮರೆಮಾಡಲು ಕೆಳಗಿನ ಸ್ಥಾಯಿಯ ಸಂಗೀತವನ್ನೂ ಹಚ್ಚಿಡುವುದು ಒಳ್ಳೆಯದು. ಮೊಬೈಲಿನಲ್ಲಿ ಪಟಾಕಿ ಸದ್ದು ಕೇಳಿಸಿ ‘ನಮ್ಮ ನಾಯಿ ಹೆದರಲೇ ಇಲ್ಲ’ ಎಂದು ಹಿಗ್ಗುವವರಿಗೂ ಒಂದು ಮಾತು: ಅಷ್ಟು ಸಣ್ಣ ಸ್ಪೀಕರಿಗೆ ಆ ಗುಡುಗನ್ನು ಹೊರಡಿಸುವ ಶಕ್ತಿಯೇ ಇಲ್ಲ. ನಿಮ್ಮ ನಾಯಿ ಕೇಳಿದ್ದು ಬೇರೆಯದೇ ಸದ್ದು.

ಇನ್ನು ಮುದ್ದಿನ ವಿಷಯ. ಕುಳಿತುಕೋ ಎಂದಾಗ ಕುಳಿತದ್ದಕ್ಕೆ ಬಿಸ್ಕತ್ತು ಕೊಟ್ಟರೆ ಕುಳಿತುಕೊಳ್ಳುವುದು ಹೆಚ್ಚುತ್ತದೆ, ಏಕೆಂದರೆ ಅದು ನಾಯಿ ಬೇಕೆಂದು ಮಾಡುವ ಕೆಲಸ. ಭಯವನ್ನು ಅದು ಬೇಕೆಂದು ಪಡುತ್ತಿಲ್ಲ. ಬೆಚ್ಚುವ ಪ್ರತಿವರ್ತನೆ ಮಿದುಳಕಾಂಡದಲ್ಲೇ ಮುಗಿದುಹೋಗುವಂಥದ್ದು. ಇಲಿಗಳಲ್ಲಿ ಸ್ನಾಯು ಸೆಟೆಯಲು ಸೆಕೆಂಡಿನ ನೂರನೇ ಒಂದು ಭಾಗ ಸಾಕು. ಗುಡುಗಿಗೆ ಹೆದರುವ ನಾಯಿಗಳಿಗೆ ಗುಡುಗಿನ ಧ್ವನಿಮುದ್ರಣ ಕೇಳಿಸಿ ನಡೆಸಿದ, 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಸುಮಾರು ಮೂರು ಪಟ್ಟಾಯಿತು, 40 ನಿಮಿಷ ಕಳೆದರೂ ಮೊದಲಿನ ಮಟ್ಟಕ್ಕೆ ಇಳಿಯಲಿಲ್ಲ. ಇಂಥ ಹೊತ್ತಿನಲ್ಲಿ ಹತ್ತಿರ ಬಂದ ಪ್ರಾಣಿಯನ್ನು ತಳ್ಳುವುದಕ್ಕೆ ವಿಜ್ಞಾನದ ಯಾವ ಬೆಂಬಲವೂ ಇಲ್ಲ. ನಾಯಿ ಮಡಿಲಿಗೆ ಬಂದರೆ ಬೆನ್ನು ಸವರಿ. ಬೆಕ್ಕು ಕಪಾಟಿನ ಮೇಲೆ ಅಡಗಿದ್ದರೆ ಅಲ್ಲೇ ಇರಲಿ. ನೀರು, ಮಲದ ತಟ್ಟೆ ಹತ್ತಿರವಿದ್ದರೆ ಸಾಕು.

ವರ್ಷಗಟ್ಟಲೆ ಹೆದರದಿದ್ದ ನಾಯಿ ಇದ್ದಕ್ಕಿದ್ದಂತೆ ಹೆದರತೊಡಗಿದರೆ ಕೀಲು, ಸ್ನಾಯುಗಳನ್ನು ಪರೀಕ್ಷಿಸಬೇಕು. ಬೆಚ್ಚಿದಾಗಲೆಲ್ಲ ಮೈ ಸೆಟೆದು ನೋವಾದರೆ ಸದ್ದಿಗೂ ನೋವಿಗೂ ಗಂಟು ಬೀಳುತ್ತದೆ.

ಔಷಧಿಯಲ್ಲಿ ಒಂದು ಹಳೆಯ ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲ. ಏಸ್‌ಪ್ರೊಮಜಿನ್ ಎಂಬ ಮಂಪರು ಔಷಧಿ ಒಂದನ್ನೇ ಕೊಟ್ಟರೆ ನಾಯಿ ಮಲಗುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಒಳಗಿನ ಭಯ ಹಾಗೇ ಇರುತ್ತದೆ, ಓಡಲು ಕಾಲು ಏಳುವುದಿಲ್ಲ ಅಷ್ಟೆ. ಮಿದುಳಿನಲ್ಲಿ ಉದ್ವೇಗ ಏರಿಸುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕದ ಬಿಡುಗಡೆಯನ್ನೇ ತಗ್ಗಿಸುವ ಡೆಕ್ಸ್‌ಮೆಡಿಟೊಮಿಡಿನ್ ಜೆಲ್‌ಗೆ ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕಿತು. ವಸಡಿಗೂ ಕೆನ್ನೆಗೂ ನಡುವೆ ಹಚ್ಚುವ ಔಷಧಿ ಅದು. ಗ್ಯಾಬಪೆಂಟಿನ್, ಟ್ರಾಜೊಡೋನ್ ಎಂಬ ಔಷಧಿಗಳನ್ನೂ ಪಶುವೈದ್ಯರು ಬಳಸುತ್ತಾರೆ. ಮನೆಯಲ್ಲಿರುವ ಮನುಷ್ಯರ ಔಷಧಿಯನ್ನು ಮಾತ್ರ ನೀವಾಗಿಯೇ ಅಳೆದು ಕೊಡಬೇಡಿ. ದ್ರವರೂಪದ ಗ್ಯಾಬಪೆಂಟಿನ್‌ಗೆ ಸಿಹಿಗೆಂದು ಕ್ಸೈಲಿಟಾಲ್ ಬೆರೆಸಿರಬಹುದು. ಅದು ನಾಯಿಯ ರಕ್ತದಲ್ಲಿನ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಿ ಯಕೃತ್ತಿಗೂ ಹಾನಿ ಮಾಡುತ್ತದೆ. ವೈದ್ಯರು ಬರೆದ ಔಷಧಿಯನ್ನೂ ಗದ್ದಲದ ದಿನವೇ ಮೊದಲ ಬಾರಿ ಕೊಡುವ ಬದಲು, ಅವರ ಸಲಹೆಯಂತೆ ಅದಕ್ಕೂ ಮುಂಚಿನ ಒಂದು ಶಾಂತ ದಿನ ಕೊಟ್ಟು, ಎಷ್ಟು ಹೊತ್ತಿಗೆ ಹಿಡಿಯುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದು ಗಮನಿಸಿಡಿ.