ಬಳ್ಳಾರಿ ಬಿಸಿಲಿಗೇ ಪ್ರೊಸೆಸರ್ 100 ಡಿಗ್ರಿ ಮುಟ್ಟುತ್ತಾ?

ಪ್ರಶ್ನೆ: ಮೊದಲ ಸಲ ನಾನೇ ಕಂಪ್ಯೂಟರ್ ಜೋಡಿಸಿದ್ದೇನೆ. ಇಂಟೆಲ್ ಕೋರ್ ಐ5-12400, ಅದರ ಡಬ್ಬಿಯಲ್ಲೇ ಬಂದ ಕೂಲರ್. ಬಯಾಸ್‌ನಲ್ಲಿ (ವಿಂಡೋಸ್ ತೆರೆಯುವ ಮುಂಚಿನ ಸೆಟ್ಟಿಂಗ್ ಪರದೆ) ಸುಮ್ನೆ ಬಿಟ್ಟರೂ 85 ಡಿಗ್ರಿ ತೋರಿಸುತ್ತೆ. ಗೇಮ್ ತೆರೆದರೆ ಸಾಕು, 100 ಮುಟ್ಟಿ ನಿಧಾನ ಆಗುತ್ತೆ, ಒಮ್ಮೊಮ್ಮೆ ತಾನೇ ಆಫ್ ಆಗುತ್ತೆ. ‘ಬಳ್ಳಾರಿ ಬಿಸಿಲಪ್ಪಾ, ರೂಮಿಗೆ ಎಸಿ ಹಾಕ್ಸು’ ಅಂತಾರೆ ಎಲ್ಲರೂ. ಹೌದಾ?

ಉತ್ತರ: ಎಸಿಗೆ ದುಡ್ಡು ಹಾಕುವ ಮುಂಚೆ ಒಂದು ಸಣ್ಣ ಲೆಕ್ಕ ಹಾಕೋಣ. ಪ್ರೊಸೆಸರ್‌ನ ಬಿಸಿ ಕೋಣೆಯ ಬಿಸಿಯ ಮೇಲೆ ಕೂಡುತ್ತಾ ಹೋಗುತ್ತದೆ. ಕೋಣೆ 10 ಡಿಗ್ರಿ ಏರಿದರೆ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ 10 ಡಿಗ್ರಿ ಏರುತ್ತದೆ. ಬೆಂಗಳೂರಿನ 27 ಡಿಗ್ರಿ ಕೋಣೆಯಲ್ಲಿ 45 ತೋರಿಸುವ ಕಂಪ್ಯೂಟರ್, ನಿಮ್ಮ ಕೋಣೆ 39 ಡಿಗ್ರಿ ಇದೆ ಅಂದುಕೊಂಡರೆ ಅಲ್ಲಿ 57ರ ಆಸುಪಾಸು ತೋರಿಸಬೇಕು. ನಿಮ್ಮದು 85 ತೋರಿಸುತ್ತಿದೆ. ಬಿಸಿಲಿನ ಪಾಲು 12 ಡಿಗ್ರಿ. ಉಳಿದ 28 ಡಿಗ್ರಿ ಎಲ್ಲಿಂದ ಬಂತು ಅಂತ ಹುಡುಕಬೇಕು. ನನಗೆ ಮೊದಲ ಅನುಮಾನ ಕೂಲರ್ ಕೂತಿರುವ ರೀತಿಯ ಮೇಲೆ.

ಪ್ರೊಸೆಸರ್ ಸುಟ್ಟುಹೋಯಿತೇನೋ ಎಂದು ಹೆದರಬೇಡಿ. ಈ ಪ್ರೊಸೆಸರ್‌ನ ಗಡಿ 100 ಡಿಗ್ರಿ. ಅಲ್ಲಿಗೆ ಬಂದ ಕೂಡಲೇ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ಕಂಪ್ಯೂಟರ್ ಆಫ್ ಆಗುತ್ತದೆ. ನೀವು ನೋಡುತ್ತಿರುವುದು ಅದರ ರಕ್ಷಣೆಯ ವ್ಯವಸ್ಥೆ ಕೆಲಸ ಮಾಡುತ್ತಿರುವುದನ್ನೇ. ಹಾಗಂತ ಇದೇ ಸ್ಥಿತಿಯಲ್ಲಿ ದಿನಾ ಓಡಿಸಬೇಡಿ.

ಬಿಚ್ಚುವ ಮುಂಚೆ ಒಂದು ಪರೀಕ್ಷೆ ಮಾಡಿ. ಎಚ್‌ಡಬ್ಲ್ಯೂಇನ್‌ಫೋ ತಂತ್ರಾಂಶದಲ್ಲಿ ಉಷ್ಣತೆ ನೋಡುತ್ತಾ, ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಡುವ ಸಿನೆಬೆಂಚ್ ತಂತ್ರಾಂಶ ಓಡಿಸಿ. ಎಷ್ಟು ಏರಿತು ಅನ್ನುವುದಕ್ಕಿಂತ ಹೇಗೆ ಏರಿತು ಅನ್ನುವುದನ್ನು ಗಮನಿಸಿ. ಒಂದೆರಡು ಸೆಕೆಂಡಿನಲ್ಲೇ ಜಿಗಿದು 100 ಮುಟ್ಟಿ, ನಿಲ್ಲಿಸಿದ ತಕ್ಷಣ ಧಪ್ಪನೆ ಇಳಿದರೆ, ಪ್ರೊಸೆಸರ್‌ನ ಬಿಸಿ ಕೂಲರ್‌ಗೆ ದಾಟುತ್ತಲೇ ಇಲ್ಲ. ಹತ್ತಿಪ್ಪತ್ತು ನಿಮಿಷ ಮೆಲ್ಲಗೆ ಏರಿ, ಮೆಲ್ಲಗೇ ಇಳಿದರೆ ಕೂಲರ್ ಸರಿಯಾಗಿ ಕೂತಿದೆ, ಕ್ಯಾಬಿನೆಟ್ ಒಳಗೆ ಗಾಳಿ ಆಡುತ್ತಿಲ್ಲ. ಪಕ್ಕದ ಬಾಗಿಲು ತೆಗೆದಿಟ್ಟು ಇನ್ನೊಮ್ಮೆ ಓಡಿಸಿ. ಚೆನ್ನಾಗಿ ಇಳಿದರೆ ಗಾಳಿಯದೇ ತೊಂದರೆ. ಏನೂ ಬದಲಾಗದಿದ್ದರೆ ಕೂಲರ್ ಕಡೆ ನೋಡಿ. ಬಯಾಸ್‌ನಲ್ಲೇ 85 ಅಂದಮೇಲೆ ನಿಮ್ಮದು ಕೂಲರ್ ತೊಂದರೆಯೇ ಇರಬೇಕು.

ಈ ಕೂಲರ್‌ಗೆ ನಾಲ್ಕು ಮೂಲೆಯಲ್ಲಿ ನಾಲ್ಕು ಪ್ಲಾಸ್ಟಿಕ್ ಪಿನ್ ಇರುತ್ತವೆ. ಮೊದಲ ಸಲ ಜೋಡಿಸುವವರು ಹೆಚ್ಚಾಗಿ ಎಡವುವುದು ಇಲ್ಲೇ. ಪಿನ್ ತಲೆಯ ಮೇಲಿನ ಬಾಣದ ಗುರುತು ಬಿಚ್ಚುವ ದಿಕ್ಕನ್ನು ತೋರಿಸುತ್ತದೆ. ಬಿಗಿ ಮಾಡುವ ದಿಕ್ಕು ಅಂದುಕೊಂಡು ತಿರುಗಿಸಿದರೆ ಪಿನ್ ಸಡಿಲವಾಗಿಬಿಡುತ್ತದೆ. ಮೇಲಿನಿಂದ ನೋಡಿದರೆ ನಾಲ್ಕೂ ಒಳಗೆ ಹೋದ ಹಾಗೇ ಕಾಣುತ್ತವೆ. ಅದಕ್ಕೇ ಮದರ್‌ಬೋರ್ಡ್‌ನ ಹಿಂಬದಿ ನೋಡಬೇಕು. ಕ್ಯಾಬಿನೆಟ್‌ನ ಆ ಕಡೆಯ ಬಾಗಿಲು ತೆಗೆದರೆ ಹೆಚ್ಚಿನವುಗಳಲ್ಲಿ ಪ್ರೊಸೆಸರ್‌ನ ಹಿಂದೆ ದೊಡ್ಡ ಕಿಂಡಿ ಇರುತ್ತದೆ. ಟಾರ್ಚ್ ಬಿಡಿ. ಪ್ರತಿ ತೂತಿನಲ್ಲೂ ಪ್ಲಾಸ್ಟಿಕ್ ಕಾಲು ಪೂರ್ತಿ ಹೊರಬಂದು ಅಗಲವಾಗಿರಬೇಕು, ನಡುವೆ ಇನ್ನೊಂದು ಪಿನ್ನಿನ ತುದಿ ಇಳಿದಿರಬೇಕು. ಒಂದೇ ಒಂದು ಕಾಲು ಅರ್ಧಕ್ಕೆ ನಿಂತಿದ್ದರೂ ಕೂಲರ್ ಆ ಮೂಲೆಯಲ್ಲಿ ಕೂದಲೆಳೆಯಷ್ಟು ಎದ್ದಿರುತ್ತದೆ. ಅಷ್ಟು ಸಾಕು, 30 ಡಿಗ್ರಿ ಜಾಸ್ತಿ ಆಗೋಕೆ.

ಹಾಗಿದ್ದರೆ ಕರೆಂಟ್ ತೆಗೆದು, ಫ್ಯಾನಿನ ವೈರ್ ಬಿಡಿಸಿ, ನಾಲ್ಕೂ ಪಿನ್ ಬಾಣದ ದಿಕ್ಕಿಗೆ ತಿರುಗಿಸಿ ಎಳೆದು, ಕೂಲರ್ ತೆಗೆಯಿರಿ. ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಹಚ್ಚಿರುವ ಥರ್ಮಲ್ ಪೇಸ್ಟ್‌ನ ಗುರುತು ನೋಡಿ. ಒಂದು ಕಡೆ ತೆಳುವಾಗಿ ಹರಡಿ, ಇನ್ನೊಂದು ಕಡೆ ದಪ್ಪಗೆ ಹಾಗೇ ಉಳಿದಿದ್ದರೆ ಅನುಮಾನ ನಿಜವಾಯಿತು. ಒಮ್ಮೆ ಎತ್ತಿದ ಮೇಲೆ ಹಳೆ ಪೇಸ್ಟ್ ನಂಬಬೇಡಿ. ಐಸೊಪ್ರೊಪೈಲ್ ಆಲ್ಕೋಹಾಲ್ ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಬಳಸುತ್ತಾರೆ, ಅಲ್ಲೇ ಕೇಳಿ. ಅದರಲ್ಲಿ ಎರಡೂ ಕಡೆ ಒರೆಸಿ, ಒಣಗಿದ ಮೇಲೆ ಪ್ರೊಸೆಸರ್‌ನ ನಡುವೆ ತೊಗರಿ ಕಾಳಿನಷ್ಟು ಹೊಸ ಪೇಸ್ಟ್ ಹಾಕಿ.

‘ಜಾಸ್ತಿ ಹಾಕಿದರೆ ಇನ್ನೂ ತಂಪು’ ಅನ್ನುವವರು ತುಂಬಾ ಜನ. ಅದು ತಪ್ಪು. ಬಿಸಿ ಸಾಗಿಸುವ ಶಕ್ತಿಯ ಅಳತೆಯಲ್ಲಿ ತಾಮ್ರದ್ದು ಸುಮಾರು 400 ಇದ್ದರೆ ಸಾಮಾನ್ಯ ಪೇಸ್ಟ್‌ನದು 10ರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಗಾಳಿಯದು 0.026 ಮಾತ್ರ. ಎರಡು ಲೋಹಗಳ ನಡುವಿನ ಕಣ್ಣಿಗೆ ಕಾಣದ ಗುಂಡಿಗಳಲ್ಲಿ ಕೂತ ಗಾಳಿಯನ್ನು ಓಡಿಸುವುದಷ್ಟೇ ಪೇಸ್ಟ್‌ನ ಕೆಲಸ. ಲೋಹಕ್ಕೆ ಲೋಹ ಹತ್ತಿರವಾದಷ್ಟೂ ಒಳ್ಳೆಯದು. ಕೂರಿಸುವಾಗ ನಾಲ್ಕೂ ಪಿನ್ ಮೊದಲು ಬಾಣದ ಎದುರು ದಿಕ್ಕಿಗೆ ತಿರುಗಿಸಿಟ್ಟು, ಎದುರುಬದುರು ಮೂಲೆಯ ಎರಡು ಪಿನ್ ಒಟ್ಟಿಗೆ ಒತ್ತಿ, ಟಕ್ ಅನ್ನಬೇಕು. ಆಮೇಲೆ ಉಳಿದೆರಡು. ಬೋರ್ಡ್ ಸ್ವಲ್ಪ ಬಾಗುತ್ತದೆ, ಗಾಬರಿ ಬೇಡ.

ಫ್ಯಾನಿನ ವೈರನ್ನು ಸಿಪಿಯು ಫ್ಯಾನ್ ಎಂದು ಬರೆದ ಜಾಗಕ್ಕೇ ಚುಚ್ಚಿದ್ದೀರಾ ನೋಡಿ. ಪಕ್ಕದ ಸಿಸ್ಟಮ್ ಫ್ಯಾನ್ ಜಾಗಕ್ಕೆ ಹಾಕಿದರೆ ಪ್ರೊಸೆಸರ್ ಬಿಸಿಯಾದರೂ ಫ್ಯಾನ್ ಜೋರಾಗದೇ ಇರಬಹುದು. ಹಳೆ ಕಂಪ್ಯೂಟರಿನ ಕೂಲರ್ ಹಾಕುವ ಯೋಚನೆ ಬಂದರೆ ಬಿಟ್ಟುಬಿಡಿ. ಈ ಪ್ರೊಸೆಸರ್‌ನ ಬೋರ್ಡ್‌ನಲ್ಲಿ ಕೂಲರ್ ತೂತುಗಳ ಅಂತರ 78 ಮಿಲಿಮೀಟರ್, ಹಿಂದಿನ ತಲೆಮಾರಿನದು 75.

ಈಗ ಊರಿನ ಪಾಲಿನ 12 ಡಿಗ್ರಿಗೆ ಬರೋಣ, ಅದೂ ಸಣ್ಣದಲ್ಲ. ಬಳ್ಳಾರಿಯಲ್ಲಿ ಕೆಂಪು ಧೂಳು ಒಂದು ಕಡೆ, ಮನೆಯಲ್ಲೋ ಪಕ್ಕದಲ್ಲೋ ಜೀನ್ಸ್ ಹೊಲಿಯುತ್ತಿದ್ದರೆ ಬಟ್ಟೆಯ ನವಿರು ಎಳೆಗಳು ಇನ್ನೊಂದು ಕಡೆ. ಬರೀ ಧೂಳಾದರೆ ಬ್ಲೋವರ್‌ಗೆ ಹಾರುತ್ತದೆ. ಎಳೆ ಸೇರಿದರೆ ಕೂಲರ್‌ನ ಸಂದುಗಳಲ್ಲಿ ಹೆಣೆದುಕೊಂಡು ಕೂರುತ್ತದೆ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಮುಂದಿನ ಜಾಲರಿ ತೊಳೆಯಿರಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ತಡೆದುಕೊಳ್ಳಿ. ಗಾಳಿ ಮುಂದಿನಿಂದ ಒಳಗೆ, ಹಿಂದಿನಿಂದ ಹೊರಗೆ ಹೋಗಬೇಕು. ತೆಳು ಕಾಗದದ ಚೂರು ಹಿಡಿದರೆ ಗೊತ್ತಾಗುತ್ತದೆ.

ನೀರಿನ ಏರ್‌ಕೂಲರನ್ನು ಮಾತ್ರ ಕಂಪ್ಯೂಟರ್ ಕಡೆ ತಿರುಗಿಸಬೇಡಿ. ಕೋಣೆ ತಂಪಾಗುವುದು ಒಳ್ಳೆಯದೇ, ಆದರೆ ಹತ್ತಿರದಿಂದ ಬಡಿಯುವ ಒದ್ದೆ ಗಾಳಿಯಲ್ಲಿ ಸಣ್ಣ ಹನಿಗಳೂ ಬರುತ್ತವೆ.

ಇಷ್ಟಾದ ಮೇಲೂ ಗೇಮ್ ಆಡುವಾಗ 90 ದಾಟುತ್ತಿದ್ದರೆ ಬಯಾಸ್‌ನ ವಿದ್ಯುತ್ ಮಿತಿ ನೋಡಿ. ಈ ಪ್ರೊಸೆಸರ್‌ನ ಮೂಲ ಮಿತಿ 65 ವಾಟ್, ಜೋರಿನಲ್ಲಿ 117 ವಾಟ್‌ವರೆಗೆ ಹೋಗಬಲ್ಲದು. ಕೆಲವು ಬೋರ್ಡ್‌ಗಳು ಜೋರಿನಲ್ಲೇ ಸದಾ ಓಡಲು ಬಿಡುತ್ತವೆ. ಡಬ್ಬಿಯ ಪುಟ್ಟ ಕೂಲರ್‌ಗೆ ನಮ್ಮ ಮೇ ತಿಂಗಳಲ್ಲಿ ಅದು ಭಾರವೇ. ದೀರ್ಘಕಾಲದ ಮಿತಿಯನ್ನು 65ಕ್ಕೆ ಇಳಿಸಿ. ಗೇಮ್‌ನಲ್ಲಿ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ವಿಡಿಯೊ ಎಡಿಟಿಂಗ್ ಮಾಡುವವರಾದರೆ ಮಿತಿ ಇಳಿಸುವ ಬದಲು ಟವರ್ ಕೂಲರ್ ತೆಗೆದುಕೊಳ್ಳಿ. ಕೊಳ್ಳುವಾಗ ಅದರ ಎತ್ತರ ನಿಮ್ಮ ಕ್ಯಾಬಿನೆಟ್‌ಗೆ ಹಿಡಿಸುತ್ತಾ, ಎಲ್‌ಜಿಎ 1700ಕ್ಕೆ (ಈ ಪ್ರೊಸೆಸರ್ ಕೂರುವ ಸಾಕೆಟ್) ಬೇಕಾದ, ಕೂಲರ್ ಬಿಗಿಸುವ ಬ್ರಾಕೆಟ್ ಡಬ್ಬಿಯಲ್ಲಿದೆಯಾ ಎಂದು ಅಂಗಡಿಯಲ್ಲೇ ತೆರೆದು ನೋಡಿ.